ಅಂಗೈ ಅಳತೆಯ ಉಳಿ

ಯಾದಗಿರಿಯ ಪ್ರೆಸ್ಸಿನಲ್ಲಿ ನನ್ನ ಕುರ್ಚಿಗೆ ಈಗ ಬಂದು ಕೂತಿರುವ ಹುಡುಗಿ ಮೊನ್ನೆ ಕೇಳಿದಳು: "ನಿಮ್ಮ ಕಾಲದಾಗ ತಪ್ಪಾದ್ರ ಹಿಂದಕ್ಕ ಹೋಗೋ ಬಟನ್ ಇರಲಿಲ್ಲಲ್ರೀ ಮೇಡಂ, ಮತ್ತ ಹೆಂಗ ಕೆಲಸ ಮಾಡ್ತಿದ್ರಿ?"

"ನಾವು ತಪ್ಪಽ ಮಾಡ್ತಿರಲಿಲ್ಲವ್ವ," ಎಂದುಬಿಟ್ಟೆ. ಶುದ್ಧ ಸುಳ್ಳು. ಮನೆಗೆ ಬಂದ ಮೇಲೆ ನನಗೇ ನಗು ಬಂತು. ಸುಳ್ಳಿನ ಮೇಲೆ ಆ ಹುಡುಗಿಯ ಕೆಲಸ ಶುರುವಾಗುವುದು ಬೇಡ ಎಂದು ಇಷ್ಟನ್ನು ಬರೆಯುತ್ತಿದ್ದೇನೆ. ಅವಳ ಜೊತೆಗೆ, ಚಿತ್ರ ಬಿಡಿಸಿ ಹೊಟ್ಟೆ ಹೊರೆಯುತ್ತೇವೆ ಎಂದು ಹೊರಟಿರುವ ಉಳಿದವರೂ ಓದಲಿ.

ನನ್ನ ಹೆಸರು ಕಮಲಾಬಾಯಿ. ಕಟ್ಟಿಗೆಯಲ್ಲಿ ಚಿತ್ರ ಕೆತ್ತುತ್ತ ಕೆಲಸ ಕಲಿತೆ, ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುತ್ತ ನಿವೃತ್ತಳಾದೆ. ನಡುವೆ ಯಾವಾಗ ಪಗಾರ ಏರಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಆ ಶಾಲುಗಳನ್ನು ಹಾಸಿಗೆಯ ಮೇಲೆ ಹಾಸಿದ್ದೇನೆ, ಚಳಿಗಾಲಕ್ಕೆ ಛಲೋ ಇವೆ.

ಕಾಲುವೆ ಅಗೆಯುತ್ತಿದ್ದ ಕಾಲ ಅದು. ಶಹಾಪುರ, ಸುರಪುರದ ರಸ್ತೆಗಳಲ್ಲಿ ಜೀಪು, ಲಾರಿಗಳ ದೂಳು. ಕಾಲುವೆಯ ಜೊತೆಗೆ ಬರೀ ನೀರು ಬರಲಿಲ್ಲ, ಛಾಪಿಸುವ ಕೆಲಸವೂ ಬಂತು. ಗೊಬ್ಬರದಂಗಡಿಯ ಕರಪತ್ರ, ಬತ್ತದ ಬೀಜದ ಚೀಟಿ, ಹೊಸ ಖಾನಾವಳಿಯ ಜಾಹೀರಾತು ಎಲ್ಲಕ್ಕೂ ಒಂದು ಚಿತ್ರ ಬೇಕು. ಓದು ಬಾರದ ಗಿರಾಕಿಗೆ ಚಿತ್ರವೇ ಅಕ್ಷರ. ಹೀಗಾಗಿ ಸುರಪುರದ ನಮ್ಮ ಸಣ್ಣ ಪ್ರೆಸ್ಸಿಗೆ ಕೈತುಂಬ ಕೆಲಸವಿತ್ತು.

ನಾನು ಅಲ್ಲಿಗೆ ಸೇರಿದ್ದು ಹಾಳೆ ಮಡಚುವುದಕ್ಕೆ. ನಮ್ಮದು ಶಹಾಪುರ, ಬೌದ್ಧರ ಓಣಿ. ಸುರಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಹೋಗುತ್ತಿದ್ದೆ. ಮಡಚುವುದು, ಹೊಲಿಯುವುದು, ಅಂಟು ಹಚ್ಚುವುದು ಹೆಂಗಸರ ಪಾಲು. ಯಂತ್ರ ನಡೆಸುವುದು, ಸೀಸದ ಅಕ್ಷರದ ಮೊಳೆ ಜೋಡಿಸುವುದು ಗಂಡಸರದು. ಕಿಟಕಿಯ ಬದಿಯ ಒಂದು ಮೇಜು ಮಾತ್ರ ಯಾರ ಪಾಲಿಗೂ ಸೇರದೆ ಬೇರೆಯೇ ಇತ್ತು. ಅಲ್ಲಿ ಮೌಲಾಸಾಬರು ಕೂತು ಕಟ್ಟಿಗೆಯಲ್ಲಿ ಚಿತ್ರ ಕೆತ್ತುತ್ತಿದ್ದರು. ಅವರ ಹಿರಿಯರು ಬಟ್ಟೆಗೆ ಬಣ್ಣದಚ್ಚು ಒತ್ತುವ ಹಲಗೆಗಳನ್ನು ಮಾಡುತ್ತಿದ್ದವರು. ಮಾಲಕರೂ ಸೇರಿ ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು.

ನಾನು ಹಾಳೆ ಮಡಚುತ್ತ ಕುತ್ತಿಗೆ ಉದ್ದ ಮಾಡಿ ಅತ್ತಲೇ ನೋಡುತ್ತಿದ್ದೆ. ಒಂದು ದಿನ ಅವರು ತಲೆ ಎತ್ತದೆಯೇ ಅಂದರು: "ನೋಡೂದಾದ್ರ ಹತ್ರ ಬಂದು ನೋಡು ಬೇಟಿ. ದೂರ ನಿಂತು ನೋಡಿದ್ರ ಕದ್ದಂಗ ಕಾಣ್ತದ."

ಹತ್ತಿರ ಹೋದೆ. ಅಲ್ಲಿಂದ ವಾಪಸು ಬರಲೇ ಇಲ್ಲ ಎನ್ನಬೇಕು.

ಕೆಲಸ ಹೇಳುವುದಕ್ಕೆ ಸುಲಭ. ಬಾರಿಗಿಡದ, ಅಂದರೆ ಬೋರೆಮರದ, ಗಟ್ಟಿ ಕಟ್ಟಿಗೆಯನ್ನು ಅಡ್ಡ ಕೊಯ್ದು, ಆ ಮುಖವನ್ನು ಗಾಜಿನಷ್ಟು ನುಣ್ಣಗೆ ಉಜ್ಜುವುದು. ಕೆತ್ತಿದ ಜಾಗ ಹಾಳೆಯ ಮೇಲೆ ಬಿಳಿಯಾಗುತ್ತದೆ, ಬಿಟ್ಟ ಜಾಗ ಕಪ್ಪಾಗುತ್ತದೆ. ಆದ್ದರಿಂದ ಕೆತ್ತುವವನು ಕಪ್ಪು ಬರೆಯುವುದಿಲ್ಲ, ಕತ್ತಲೆಯಲ್ಲಿ ಬೆಳಕು ತೋಡುತ್ತಾನೆ. ಇನ್ನೊಂದು ಮಾತು: ಹಲಗೆಯ ಮೇಲೆ ಚಿತ್ರ ಉಲ್ಟಾ ಇರಬೇಕು, ಆಗಲೇ ಹಾಳೆಯ ಮೇಲೆ ಸೀದಾ ಬೀಳುತ್ತದೆ. ಬರೆದ ಚಿತ್ರವನ್ನು ಮಗುಚಿ ಹಲಗೆಗೆ ಇಳಿಸಿಕೊಳ್ಳುತ್ತಿದ್ದೆವು. ಕೆತ್ತುತ್ತ ಕೆತ್ತುತ್ತ ಹಲಗೆಯನ್ನು ಕನ್ನಡಿಗೆ ಹಿಡಿದು, ಅದರಲ್ಲಿ ಕಂಡದ್ದನ್ನು ಮೂಲ ಚಿತ್ರದ ಪಕ್ಕ ಇಟ್ಟು ತಾಳೆ ನೋಡುತ್ತಿದ್ದೆವು. ಉಸ್ತಾದರ ಮೇಜಿನ ಮೇಲೆ ಉಳಿಗಿಂತ ಮೊದಲು ಕಾಣುತ್ತಿದ್ದದ್ದು ಆ ಕನ್ನಡಿ. ಸೊಗಸುಗಾರ ಮುದುಕ ಎಂದು ಹೊಸಬರು ತಮಾಷೆ ಮಾಡುತ್ತಿದ್ದರು.

ಹಲಗೆಯ ಕೆಳಗೆ ಮರಳು ತುಂಬಿದ ಚರ್ಮದ ದಿಂಡು. ನಾನು ಮೊದಲ ಸಲ ಉಳಿ ಹಿಡಿದು ಗುಂಡು ಗೆರೆ ಎಳೆಯಲು ಕೈ ತಿರುಗಿಸಿದಾಗ ಅವರು ನನ್ನ ಮಣಿಕಟ್ಟನ್ನು ಎರಡು ಬೆರಳಿನಲ್ಲಿ ಹಿಡಿದು ನಿಲ್ಲಿಸಿದರು.

"ಕೈ ತಿರಗಬಾರದು. ಹಲಗಿ ತಿರಗಬೇಕು. ಜಲ್ದಿ ನಕ್ಕೋ, ಅವಸರ ಬ್ಯಾಡ."

ಬಲಗೈಯ ಉಳಿ ನಿಂತಲ್ಲೇ ನಿಲ್ಲಬೇಕು, ಎಡಗೈ ಆ ದಿಂಡಿನ ಮೇಲೆ ಹಲಗೆಯನ್ನು ಮೆಲ್ಲಗೆ ತಿರುಗಿಸುತ್ತ ಉಳಿಗೆ ಒಪ್ಪಿಸಬೇಕು. ಇದು ಕೈಗೆ ಹತ್ತುವಷ್ಟರಲ್ಲಿ ಒಂದು ಬೇಸಿಗೆ ಹೋಯಿತು.

ಈಗ ಉಳಿಯ ವಿಷಯ. ಅದರ ಹಿಡಿ ಗುಂಡಗೆ, ಒಂದು ಮಗ್ಗುಲು ಚಪ್ಪಟೆ. ಹಿಡಿ ಅಂಗೈಯ ಗುಳಿಯಲ್ಲಿ ಕೂತಾಗ ಉಕ್ಕಿನ ತುದಿ ಹೆಬ್ಬೆರಳನ್ನು ದಾಟಿ ಒಂದಿಷ್ಟೇ ಮುಂದೆ ಚಾಚಬೇಕು. ಅದಕ್ಕೇ ಒಬ್ಬರ ಉಳಿ ಇನ್ನೊಬ್ಬರಿಗೆ ಹೊಂದುವುದಿಲ್ಲ. ಉಸ್ತಾದರ ಮನೆತನದಲ್ಲಿ ಒಂದು ರೂಢಿ ಇತ್ತು. ಕಲಿಯುವವರು ಗುರುವಿನ ಹಳೆಯ ಉಳಿಯಲ್ಲೇ ದುಡಿಯಬೇಕು. ಯಾವಾಗ ಗುರು ಶಿಷ್ಯನ ಅಂಗೈ ಅಳೆದು, ಉಕ್ಕು ಕತ್ತರಿಸಿ, ಹಿಡಿ ಕೂಡಿಸಿ ಕೊಡುತ್ತಾನೋ ಆವತ್ತಿನಿಂದ ಅವನು ಕೆತ್ತುವವನು. ಅಲ್ಲಿಯ ತನಕ ಎಷ್ಟು ಛಲೋ ಕೆತ್ತಿದರೂ ಬರೀ ಕೈಯಾಳು.

ಉಸ್ತಾದರ ಉಳಿ ನನಗೆ ಉದ್ದವಾಗಿತ್ತು. ಜಾರಿ ಜಾರಿ ನನ್ನ ಎಡ ಹೆಬ್ಬೆರಳು ಗೀರುಗಳಿಂದ ತುಂಬಿತು. "ನನ್ನ ಉಳಿ ಯಾವಾಗ್ರಿ ಉಸ್ತಾದ್?" ಎಂದು ಹಬ್ಬಕ್ಕೊಮ್ಮೆ ಕೇಳುತ್ತಿದ್ದೆ.

ನನ್ನ ಅಂಗೈಯನ್ನು ಗಂಭೀರವಾಗಿ ನೋಡಿ, "ಕೈ ಇನ್ನೂ ಬೆಳಿಯಾಕತ್ತದ," ಅನ್ನುತ್ತಿದ್ದರು. ಮನೆಯಲ್ಲಿ ನನಗೆ ಆಗಲೇ ಗಂಡು ನೋಡುತ್ತಿದ್ದರು. ಕೈ ಬೆಳೆಯುವ ವಯಸ್ಸೇ ಅದು! ಸಿಟ್ಟು ಬರುತ್ತಿತ್ತು. ಆದರೆ ಆ ಉಳಿಗಿಂತ ಹೆಚ್ಚಾಗಿ ಇನ್ನೇನನ್ನೂ ನಾನು ಆಸೆಪಟ್ಟಿರಲಿಲ್ಲ, ಇದು ನಿಜ.

ಅವರ ಎಚ್ಚರ ಎಂಥದು ಅಂತ ಹೇಳಬೇಕಾದರೆ ಬಳಿಚಕ್ರದ ಎತ್ತಿನ ಕತೆ ಹೇಳಬೇಕು. ಆ ಊರಿನ ರೈತನೊಬ್ಬ ಬಂದ. ಕಟ್ಟಿದ ಎತ್ತು ಹಗ್ಗ ಹರಿದುಕೊಂಡು ಓಡಿಹೋಗಿತ್ತು. ಚಿತ್ರ ಹಾಕಿ ಕರಪತ್ರ ಛಾಪಿಸಿ ಸಂತೆಗಳಲ್ಲಿ ಹಂಚಬೇಕು ಎಂದ. ಗುರುತು ಕೇಳಿದರೆ, "ಒಂದು ಕೋಡು ಬಾಗ್ಯಾದ್ರಿ, ಎಡದ್ದು," ಎಂದ.

"ಎತ್ತಿನ ಎಡನೋ, ಎದುರು ನಿಂತಾಗ ನಿಮ್ಮ ಎಡನೋ?" ಉಸ್ತಾದ್ ಕೇಳಿದರು.

ರೈತ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿದ. ಉಸ್ತಾದ್ ಎದ್ದು ನಿಂತರು. ಟೋಪಿ ತೆಗೆದಿಟ್ಟು, ಎರಡು ತೋರುಬೆರಳನ್ನು ತಲೆಯ ಮೇಲೆ ಕೋಡಿನಂತೆ ಇಟ್ಟುಕೊಂಡರು. "ನಾನಽ ನಿಮ್ಮ ಎತ್ತು. ಬರ್ರಿ, ಯಾವ ಕೋಡು ಬಾಗ್ಯಾದ, ಹಿಡೀರಿ."

ಇಡೀ ಪ್ರೆಸ್ಸು ಬಿದ್ದು ಬಿದ್ದು ನಕ್ಕಿತು. ಅವರಿಬ್ಬರು ಮಾತ್ರ ನಗಲಿಲ್ಲ. ರೈತ ಮುಂದೆ ಬಂದು ಉಸ್ತಾದರ ಬಲಗೈ ಬೆರಳನ್ನು ಹಿಡಿದು, ಎತ್ತಿನ ಕೋಡನ್ನೇ ಮುಟ್ಟಿದವನ ಹಾಗೆ ಮೆಲ್ಲಗೆ ಕೆಳಗೆ ಬಾಗಿಸಿದ. ಅವನು ಎಡ ಎಂದದ್ದು ತನ್ನ ಎಡ. ಆ ಕರಪತ್ರ ನೋಡಿಯೇ ಎತ್ತು ಯಾದಗಿರಿಯ ಸಂತೆಯಲ್ಲಿ ಸಿಕ್ಕಿತು. ಸೀತನಿ ಕಾಲಕ್ಕೆ ಅವನು ಒಂದು ಚೀಲ ಎಳೆಜೋಳದ ತೆನೆ ಹೊತ್ತು ತಂದ. ಪ್ರೆಸ್ಸಿನ ಹಿತ್ತಲಲ್ಲಿ ಸುಟ್ಟುಕೊಂಡು ತಿಂದೆವು.

ಮಾಲಕರಾದ ಗುರುನಾಥಪ್ಪನವರು ಕೆಟ್ಟವರಲ್ಲ, ಆದರೆ ಗಾಳಿ ಬಂದ ಕಡೆಗೆ ತೂರಿಕೊಳ್ಳುವವರು. ಆಗ ಸತುವಿನ ತಗಡಿನ ಬ್ಲಾಕುಗಳು ಬರತೊಡಗಿದ್ದವು. ಫೋಟೋ ಕಳಿಸಿದರೆ ಸಾಕು, ಹೈದರಾಬಾದಿನಿಂದ ಬಸ್ಸಿನಲ್ಲಿ ಬ್ಲಾಕು ಬಂದುಬಿಡುತ್ತಿತ್ತು. ಮಾಲಕರ ಕಣ್ಣು ಕಿಟಕಿ ಪಕ್ಕದ ಮೇಜಿನ ಮೇಲೆ ಬಿತ್ತು. ಅದನ್ನು ತೆಗೆದರೆ ಕಾಲಲ್ಲಿ ತುಳಿದು ಛಾಪಿಸುವ ಇನ್ನೊಂದು ಟ್ರೆಡಲ್ ಯಂತ್ರ ಕೂಡುತ್ತದೆ ಎಂದು ಟೇಪು ಹಿಡಿದು ಅಳೆದದ್ದನ್ನು ನಾವೆಲ್ಲ ನೋಡಿದೆವು.

ಉಸ್ತಾದ್ ಹೋಗಿ ಕೇಳಿದರು: "ಮಾಲಕರ, ನನ್ನ ಕಣ್ಣಿಗಿ ಪೊರಿ ಬರಾಕತ್ತದ, ಖರೆ. ನಾ ಹೋದ್ರ ಮೇಜು ಖಾಲಿ ಆಗಂಗಿಲ್ಲ. ಕಮಲಾ ಅದಾಳಲ್ಲ."

"ಹೆಣ್ಣಮಗಳು ಉಸ್ತಾದ್ರ, ನಾಳಿ ಲಗ್ನ ಆದ್ರ ಹೊಂಟ ಹೋಗ್ತಾಳ."

"ಹೋದ್ರ ಬಸ್ಸಿಗಿ ಬರ್ತಾಳ. ನಿಮ್ಮ ಬ್ಲಾಕು ಬಸ್ಸಿಗೇ ಬರ್ತದಲ್ಲ?"

ಮಾಲಕರು ನಕ್ಕರು. ಅದೇ ವಾರ ಕಾಲುವೆ ಕಚೇರಿಯೊಂದರಿಂದ ಗೋಡೆಗೆ ಅಂಟಿಸುವ ದೊಡ್ಡ ಚಿತ್ರದ ಕೆಲಸ ಬಂದಿತ್ತು. ಹೊಸ ಹಂಚಿಕೆ ಕಾಲುವೆಗೆ ನೀರು ಬಿಡುವ ಸಮಾರಂಭ ಇತ್ತು, ಅದಕ್ಕೆ ಮೊದಲು ಹಳ್ಳಿ ಹಳ್ಳಿಯ ಚಾವಡಿಗೆ ಒಂದೊಂದು ಚಿತ್ರ ಹೋಗಬೇಕು. ಮಾಲಕರು ಅದನ್ನೇ ಪಂಥಕ್ಕೆ ಇಟ್ಟರು: "ಇದೊಂದು ನೀವಿಬ್ರೂ ಕೂಡಿ ಮಾಡ್ರಿ. ಛಲೋ ಬಂತಂದ್ರ ಮೇಜು ಇರ್ತದ, ಆಕಿ ಕುಂದರ್ಲಿ. ಎಡವಟ್ಟಾತಂದ್ರ ಟ್ರೆಡಲ್ ತರಸ್ತೀನಿ, ನನಗ ಅನಬ್ಯಾಡ್ರಿ."

ಹೊರಗೆ ಬಂದು ಉಸ್ತಾದ್ ನನಗೆ ಹೇಳಿದರು: "ಇದು ಛಲೋ ಬರ್ಲಿ ಬೇಟಿ, ನಿನ್ನ ಅಂಗೈ ಅಳೀತೀನಿ."

ಕಚೇರಿಯಲ್ಲಿ ನಕ್ಷೆ ಬರೆಯುವವರು ತೆಳು ಹಾಳೆಯ ಮೇಲೆ ಚಿತ್ರ ತಂದುಕೊಟ್ಟರು. ಹಕ್ಕಿಯಂತೆ ಮೇಲಿನಿಂದ ನೋಡಿದ ನೋಟ. ಕೃಷ್ಣೆ, ಅಣೆಕಟ್ಟು, ದಂಡೆಯಿಂದ ಹೊರಟ ಕಾಲುವೆ, ಹೊಲಗಳು, ಹಿಂದೆ ಮಲಗಿದ ಬುದ್ಧನಂತೆ ಕಾಣುವ ನಮ್ಮ ಶಹಾಪುರದ ಬೆಟ್ಟ. ಅಕ್ಷರ ಒಂದೂ ಇರಲಿಲ್ಲ. ಅಕ್ಷರವನ್ನು ನಾವೇ ಮೊಳೆಯಲ್ಲಿ ಜೋಡಿಸುವುದಿತ್ತು.

ಹಲಗೆ ತುಂಡುಗಳನ್ನು ಜೋಡಿಸಿ, ಚಿತ್ರ ಮಗುಚಿ ಇಳಿಸಿಕೊಂಡು ಕೂತೆವು. ಹೊಲ, ಎತ್ತು, ಜನ ನನ್ನ ಪಾಲು. ಬೆಟ್ಟ, ನೀರು ಅವರದು. ಅವರು ನೀರು ಕೆತ್ತಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ನದಿಗೆ ಉದ್ದುದ್ದ ಸಡಿಲ ಗೆರೆ, ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಸಣ್ಣ. ಕಾಲುವೆಗೆ ಒತ್ತೊತ್ತಾಗಿ ಒಂದೇ ಸಮನೆ ಬಿಗಿ ಗೆರೆ. ಏಕೆ ಹೀಗೆ ಎಂದು ಕೇಳಿದೆ.

"ಹೊಳಿ ತನ್ನ ಮನಸಿನಂಗ ಹರೀತದ, ಕಾಲುವಿ ನಮ್ಮ ಮನಸಿನಂಗ. ಎರಡಕ್ಕೂ ಒಂದಽ ಗೆರಿ ಹಾಕಿದ್ರ ನೀರಿಗಿ ಸಿಟ್ಟು ಬರ್ತದ."

ಪೊರೆ ಬಂದ ಕಣ್ಣು, ಮೂಗಿನ ಮೇಲೆ ಭೂತಗನ್ನಡಿ, ಆದರೂ ಒಂದು ಗೆರೆ ಅಳ್ಳಾಡಲಿಲ್ಲ. ಆ ವಾರಗಳಲ್ಲಿ ಹಲಗೆಯ ಮೇಲಿನ ಬುದ್ಧನನ್ನು ನೋಡಿದಾಗೆಲ್ಲ ನನಗೆ ಏನೋ ಹಿತವಾಗುತ್ತಿತ್ತು. ನಮ್ಮ ಮನೆಯ ಅಂಗಳದಿಂದ ಕಾಣುವಂತೆಯೇ ಮಲಗಿದ್ದ. ಕನ್ನಡಿಗೆ ಹಿಡಿದರೆ ಕೊಟ್ಟ ಚಿತ್ರಕ್ಕೆ ಕೂದಲಷ್ಟೂ ಫರಕಿಲ್ಲ. ಇನ್ನೇನು ಬೇಕು? ಕೆಳಗೆ ದಪ್ಪ ಮೊಳೆಯಲ್ಲಿ "ಎಡದಂಡೆ ಕಾಲುವೆ, ಬಂತು ನೀರು" ಎಂದು ಜೋಡಿಸಿ ಛಾಪಿಸಿದೆವು. ಹಾಳೆಗಳನ್ನು ಒಣಗಲು ಹಗ್ಗಕ್ಕೆ ಹಾಕಿದೆವು. ಒಂದು ದಿನ ಬಿಟ್ಟು ಬೆಳಿಗ್ಗೆ ಒಯ್ಯಲು ಜೀಪು ಬರುವುದಿತ್ತು.

ಮರುದಿನ ಬೆಳಗಿನ ಹೊತ್ತಿಗೇ ವನದುರ್ಗದ ಸಾಬಣ್ಣ ಮಗಳ ಲಗ್ನಪತ್ರಿಕೆ ಛಾಪಿಸಲು ಬಂದ. ಹಳೆಯ ಗಿರಾಕಿ. ಹಗ್ಗದ ಕೆಳಗೆ ನಿಂತು ನೋಡಿದ, ತಲೆ ವಾಲಿಸಿ ನೋಡಿದ.

"ಯಕ್ಕಾ, ಬುದ್ಧ ಯಾವಾಗ ಮಗ್ಗಲಾ ಬದಲಿಸ್ದ?"

ನನಗೆ ಮೊದಲು ನಗು ಬಂತು. ಆಮೇಲೆ ನಾನೂ ತಲೆ ಎತ್ತಿ ನೋಡಿದೆ. ಬುದ್ಧನ ತಲೆಯ ಜಾಗದಲ್ಲಿ ಕಾಲಿತ್ತು.

ಸಾಬಣ್ಣ ಬಿಡಲಿಲ್ಲ. "ನೀರು ಸೈತ ಆಚೀ ದಂಡಿಗಿ ಬಿಟ್ಟೀರಿ. ಈಚೀ ದಂಡ್ಯಾಗ ಇರೋರು ನಾವೇನು ಬಾಯಿ ಬಾಯಿ ಬಿಡಬೇಕೇನ್ರಿ?"

ಅವನು ಹೇಳಿದ್ದು ಸರಿ ಇತ್ತು. ಎಡದಂಡೆ ಎಂದು ಕೆಳಗೆ ಬರೆದು, ಮೇಲೆ ಬಲದಂಡೆಗೆ ಕಾಲುವೆ ಹರಿಸಿದ್ದೆವು. ಯಾವ ನೀರಿಗಾಗಿ ನಮ್ಮ ಸೀಮೆಯವರು ಅಷ್ಟು ವರ್ಷ ಕಾದಿದ್ದರೋ ಅದನ್ನು ಹೊಳೆಯಾಚೆಯವರಿಗೆ ಕೊಟ್ಟು ಚಾವಡಿ ಚಾವಡಿಗೆ ಡಂಗುರ ಹೊಡೆಯಲು ಹೊರಟಿದ್ದೆವು.

ಮಾಲಕರು ಸ್ಟೂಲಿನ ಮೇಲೆ ಕುಸಿದು ಕೂತರು. "ಮುಗೀತು ಉಸ್ತಾದ್ರ," ಎಂದಷ್ಟೇ ಅಂದರು. ಹೊಸದಾಗಿ ಕೆತ್ತಲು ವಾರಗಳು ಬೇಕು. ನನಗೆ ಅಳು ಒತ್ತಿ ಬಂತು. ಮೇಜು ಹೋಯಿತು, ಅದರ ಜೊತೆಗೆ ನನ್ನ ಉಳಿಯೂ ಹೋಯಿತು ಎಂದುಕೊಂಡೆ.

ಉಸ್ತಾದ್ ಯಾರ ಮೇಲೂ ರೇಗಲಿಲ್ಲ. ಹಲಗೆ, ಕನ್ನಡಿ, ಕೊಟ್ಟ ಚಿತ್ರ ಮೂರನ್ನೂ ಮುಂದಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಕನ್ನಡಿ ಖರೇನ ಹೇಳ್ಯಾದ. ಅವರು ಕೊಟ್ಟ ಚಿತ್ರನಽ ಉಲ್ಟಾ ಅದ," ಎಂದರು. ಚಹಾ ತರಿಸಿ ಕುಡಿದರು. ಆಮೇಲೆ ನನ್ನ ಕಡೆ ತಿರುಗಿ, ಏನೂ ಆಗಿಲ್ಲವೆಂಬಂತೆ ಕೇಳಿದರು:

"ಬೇಟಿ, ನೀ ಮಡಚೋ ಕೆಲಸದಾಗ ಇದ್ದಿ. ಮಸಿ ಒಣಗದ ಹಾಳಿ ಮ್ಯಾಲ ಇನ್ನೊಂದು ಹಾಳಿ ಬಿದ್ರ ಏನಾಗ್ತದ?"

ಅದನ್ನು ನನಗೆ ಕೇಳುವುದೇ! ಅದಕ್ಕಾಗಿ ಎಷ್ಟು ಸಲ ಬೈಸಿಕೊಂಡಿದ್ದೆವು. "ಮ್ಯಾಲಿನ ಹಾಳಿಗಿ ಮಸಿ ಹತ್ತಿ ಅದೂ ಕೆಡ್ತದ್ರಿ."

"ಹೆಂಗ ಹತ್ತತದ?"

"ಹೆಂಗಂದ್ರ... ಉಲ್ಟಾ," ಎಂದವಳು ಅಲ್ಲೇ ನಿಂತೆ.

ಉಸ್ತಾದ್ ಆಗಲೇ ಎದ್ದು ತೋಳು ಮಡಚುತ್ತಿದ್ದರು.

ಮೊಳೆಗಳನ್ನು ತೆಗೆದು ಹಲಗೆಯೊಂದಕ್ಕೇ ದಪ್ಪ ಮಸಿ ಹಚ್ಚಿ ಒಂದು ಹಾಳೆಗೆ ಒತ್ತುವುದು, ಅದು ಹಸಿ ಇರುವಾಗಲೇ ಅದರ ಮೇಲೆ ಬಿಳಿ ಹಾಳೆ ಇಟ್ಟು ಬೈಂಡಿಂಗಿನ ತಿರುಪು ಪ್ರೆಸ್ಸಿನಲ್ಲಿ ಬಿಗಿಯುವುದು. ಉಲ್ಟಾದ ಉಲ್ಟಾ ಸೀದಾ. ಆ ತಿರುಪನ್ನು ಎಷ್ಟು ಬಿಗಿದರೆ ಹಾಳೆ ಏನು ಮಾಡುತ್ತದೆ ಎಂದು ಮಡಚುವ ಹೆಂಗಸರಿಗೆ ಗೊತ್ತಿತ್ತು, ಹೀಗಾಗಿ ಅದನ್ನು ನನಗೇ ಬಿಟ್ಟರು. ಮೊದಲು ಮಬ್ಬಾಗಿ ಬಂತು. ಮಸಿ ಹೆಚ್ಚಿಸಿದರೆ ಕೆಸರಾಯಿತು. ಬಿಳಿ ಹಾಳೆಗೆ ಒದ್ದೆ ಬಟ್ಟೆಯ ಪಸೆ ತಗಲಿಸಿ ನೋಡಿದಾಗ, ಬುದ್ಧ ನಮ್ಮ ಶಹಾಪುರದ ಬುದ್ಧನಾಗಿ ಮಲಗಿದ. ಕಾಲುವೆ ಎಡದಂಡೆಗೆ ಬಂತು. ಸಾಬಣ್ಣನೂ ಮನೆಗೆ ಹೋಗದೆ ತಿರುಪಿಗೆ ಕೈ ಹಚ್ಚಿದ. ದೀಪ ಹಚ್ಚುವ ಹೊತ್ತಿಗೆ ಅಕ್ಷರವನ್ನೂ ಒತ್ತಿ ಮುಗಿಸಿದೆವು.

ಚಿತ್ರ ಕಡುಕಪ್ಪಾಗಿರಲಿಲ್ಲ, ಬೂದಿ ಬಣ್ಣದಲ್ಲಿ ಮೆತ್ತಗೆ ಕಾಣುತ್ತಿತ್ತು. ಮಾಸಿದ ಹಾಗಿದೆ ಎಂದು ಮಾಲಕರಿಗೆ ರಾತ್ರಿಯೆಲ್ಲ ಅಂಜಿಕೆ. ಬೆಳಿಗ್ಗೆ ಜೀಪಿನಲ್ಲಿ ಆ ನಕ್ಷೆಯವರೇ ಬಂದರು. ಹಾಳೆ ಎತ್ತಿ ಹಿಡಿದು, "ಇದೇನ್ರೀ, ನೀರಾಗ ಬಿದ್ದ ನೆರಳಿನಂಗ ಅದ," ಎಂದರು.

"ನೀರಿನ ಚಿತ್ರ ಅಲ್ಲೇನ್ರಿ," ಎಂದರು ಉಸ್ತಾದ್.

ಅವರಿಗೆ ಖುಷಿಯಾಯಿತು. ಹೊರಡುವಾಗ ಬಾಗಿಲಲ್ಲಿ ನಿಂತು ಪ್ರೀತಿಯಿಂದ ಹೇಳಿದರು: "ನಿಮಗ ಕೆಲಸ ಹಗುರಾಗ್ಲಿ ಅಂತ ನಾನಽ ಮೊದಲ ಉಲ್ಟಾ ಮಾಡಿ ಕೊಟ್ಟಿದ್ನಿರಿ. ಕಟ್ಟಿಗಿ ಕೆತ್ತೋದು ಉಲ್ಟಾ ಅಂತ ಕೇಳಿದ್ದೆ."

"ಭಾಳ ಉಪಕಾರಾತ್ರಿ," ಎಂದು ಉಸ್ತಾದ್ ಸಲಾಂ ಮಾಡಿದರು. ಜೀಪು ತಿರುವು ದಾಟಿದ ಮೇಲೆ ಅವರು ನಕ್ಕ ನಗುವಿಗೆ ಭೂತಗನ್ನಡಿ ಕೆಳಗೆ ಬಿತ್ತು. ಅವತ್ತಿನಿಂದ ನಮ್ಮಲ್ಲಿ ಒಂದು ನೇಮವಾಯಿತು: ಯಾರು ಚಿತ್ರ ತಂದರೂ, ಉಲ್ಟಾ ಮಾಡಿದ್ದೀರಾ ಎಂದು ಮೊದಲು ಕೇಳುವುದು. ಹಲಗೆಯ ಮೇಲೆ ಲೋಕ ಸರಿಯಾಗಿ ಕಂಡರೆ ಕೂಡಲೇ ಕೈ ನಿಲ್ಲಿಸುವುದು.

ಮೇಜು ಉಳಿಯಿತು. ಮಾಲಕರು ಟ್ರೆಡಲ್ಲಿನ ಮಾತೆತ್ತಲಿಲ್ಲ. ನಾನು ಓಡಿಹೋಗಿ ಉಸ್ತಾದರ ಮುಂದೆ ಅಂಗೈ ಚಾಚಿದೆ.

"ಛಲೋ ಬಂದ್ರ ಅಂದಿದ್ನಿ," ಎಂದರು. "ಹಲಗಿ ಉಲ್ಟಾ ಬಂತಲ್ಲ. ಕೈ ಇನ್ನೂ ಬೆಳಿಯಾಕತ್ತದ."

ಆ ದಿನ ಊಟ ಬಿಟ್ಟೆ. ಅವರ ಜೊತೆ ಮಾತೂ ಬಿಟ್ಟೆ, ಅದು ಮಾತ್ರ ಸಂಜೆಯ ತನಕ ಬಾಳಲಿಲ್ಲ.

ಮುಂದೆ ನನ್ನನ್ನು ಯಾದಗಿರಿಗೆ ಕೊಟ್ಟು ಲಗ್ನ ಮಾಡಿದರು. ಉಸ್ತಾದ್ ಹೇಳಿದಂತೆ ಬಸ್ಸಿಗೆ ಬಂದು ಹೋಗಿ ಮಾಡಿದೆ. ಅವರ ಕಣ್ಣು ಮಬ್ಬಾದಂತೆ ಹಲಗೆಗಳೆಲ್ಲ ನನ್ನ ಕೈಗೆ ಬಂದವು. ಅವರು ಪಕ್ಕದಲ್ಲಿ ಕೂತು, ಕೆತ್ತುವ ಸಪ್ಪಳ ಕೇಳಿಯೇ "ಆಳ ಆತು, ಆಳ ಆತು," ಎಂದು ತಿದ್ದುತ್ತಿದ್ದರು. ಮುಖ್ಯವಾದ ಚಿತ್ರಗಳನ್ನೆಲ್ಲ ನಾನು ಆ ಉದ್ದನೆಯ ಉಳಿಯಲ್ಲೇ ಕೆತ್ತಿದೆ.

ಕೊನೆಗೆ ಆಫ್‌ಸೆಟ್ ಬಂತು. ಯಾದಗಿರಿಯಲ್ಲಿ ಮೊದಲ ಯಂತ್ರ ನೋಡಲು ಮಾಲಕರು ನನ್ನನ್ನೂ ಕರೆದೊಯ್ದರು. ತಗಡಿನ ಮೇಲ್ಗಡೆ ಚಿತ್ರ ಸೀದಾ ಇತ್ತು. ಅದು ಮೊದಲು ರಬ್ಬರಿನ ಮೇಲೆ ಉಲ್ಟಾ ಬೀಳುತ್ತದೆ, ರಬ್ಬರಿನಿಂದ ಹಾಳೆಗೆ ಸೀದಾ ಬೀಳುತ್ತದೆ. ಯಂತ್ರದವರು ವಿವರಿಸುತ್ತಿದ್ದರು, ನಾನು ನಗುತ್ತಿದ್ದೆ. ನಮ್ಮ ಹಸಿ ಹಾಳೆಯ ಉಪಾಯವನ್ನೇ ಅವರು ಗಾಲಿ ಹಚ್ಚಿ ಓಡಿಸುತ್ತಿದ್ದರು. ಸುರಪುರಕ್ಕೆ ಬಂದು ಹೇಳಿದಾಗ ಉಸ್ತಾದ್ ತೊಡೆ ತಟ್ಟಿಕೊಂಡರು: "ಅರೆ! ಕನ್ನಡಿ ಬ್ಯಾಡೇನು ಹಂಗಾದ್ರ?"

"ಬ್ಯಾಡ್ರಿ."

"ಹಲಗಿ?"

ನಾನು ಮೇಜಿನ ಮೇಲಿದ್ದ ಹಲಗೆಯ ದೂಳು ಒರೆಸತೊಡಗಿದೆ.

ಸ್ವಲ್ಪ ಕಾಲದಲ್ಲೇ ಮಾಲಕರು ಪ್ರೆಸ್ಸನ್ನು ಯಾದಗಿರಿಗೆ ಒಯ್ದರು. ನನಗೆ ಅಲ್ಲಿ ಪೆನ್ನಿನಲ್ಲಿ ಚಿತ್ರ ಬರೆಯುವ ಕೆಲಸ ಕೊಟ್ಟರು, ಉಪಕಾರ ಮರೆಯಬಾರದು. ಕಿಟಕಿ ಬದಿಯ ಮೇಜನ್ನು ಬಿಚ್ಚುವ ದಿನ ಉಸ್ತಾದ್ ಬಂದು ಕೂತರು. ಬಡಗಿ ಮೊಳೆ ಕೀಳುತ್ತಿದ್ದ. ಅವರು ನನ್ನನ್ನು ಕರೆದು, "ಕೈ ಕೊಡು," ಎಂದರು.

ನನ್ನ ಅಂಗೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಬೆರಳಿನಿಂದ ತಡವಿ ತಡವಿ ಅಳೆದರು. ಉಕ್ಕನ್ನು ತಾವೇ ಕತ್ತರಿಸಿದರು. ಬಾರಿಗಿಡದ ಹಿಡಿ ಮೊದಲೇ ಮಾಡಿ ಜೇಬಿನಲ್ಲಿಟ್ಟು ತಂದಿದ್ದರು. ಕೂಡಿಸಿ ನನ್ನ ಅಂಗೈಯ ಗುಳಿಯಲ್ಲಿ ಇಟ್ಟರು. ಇಷ್ಟು ವರ್ಷ ಜಾರುತ್ತಿದ್ದ ಜಾಗದಲ್ಲಿ ಉಳಿ ಸುಮ್ಮನೆ ಕೂತಿತು.

ನನಗೆ ತಡೆಯಲಾಗಲಿಲ್ಲ. "ಮೇಜಽ ಹೋಗಾಕತ್ತದ. ಈಗ ಇದನ್ಯಾಕ ಕೊಡ್ತೀರಿ ಉಸ್ತಾದ್?" ಎಂದು ಅಳುತ್ತಲೇ ಕೇಳಿದೆ.

"ಮೇಜು ಮಾಲಕರದು," ಎಂದರು ಅವರು. "ಕೈ ನಿಂದು."

ಉಸ್ತಾದ್ ಹೋಗಿ ಬಹಳ ವರ್ಷವಾಯಿತು. ಪೆನ್ನಿನಲ್ಲಿ ಬರೆದಾಗಲೂ, ಕಂಪ್ಯೂಟರಿನಲ್ಲಿ ಬಿಡಿಸಿದಾಗಲೂ ನಾನು ನೀರಿಗೆ ಎರಡು ಥರದ ಗೆರೆ ಹಾಕಿದೆ. ಎಡ ಬಲ ಅನುಮಾನ ಬಂದಾಗ ತಲೆಯ ಮೇಲೆ ಬೆರಳಿಟ್ಟು ಎತ್ತಾಗಿದ್ದೇನೆ, ನಕ್ಕವರು ನಕ್ಕರು. ತಪ್ಪಾದಾಗ ಅತ್ತಿದ್ದೇನೆ, ಆಮೇಲೆ ಚಹಾ ಕುಡಿದು ಹಸಿ ಹಾಳೆಯನ್ನು ನೆನೆಸಿಕೊಂಡಿದ್ದೇನೆ.

ನಿನ್ನೆ ಆ ಹುಡುಗಿಯನ್ನು ಮನೆಗೆ ಕರೆದು ನಿಜ ಹೇಳಿದೆ. ಉಳಿ ತೋರಿಸಿದೆ. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, "ನನ್ನ ಕೈಗೆ ದೊಡ್ಡದಾತ್ರಿ ಮೇಡಂ," ಎಂದಳು. ಹಿಡಿಯುವ ರೀತಿ ಹಾಗಲ್ಲ ಎಂದು ಅವಳ ಬೆರಳು ಬಿಡಿಸಿ, ಹಿಡಿಯನ್ನು ಅಂಗೈಯ ಗುಳಿಗೆ ಕೂಡಿಸಿದೆ. ಆಮೇಲೆ ಗೊತ್ತಾಯಿತು, ಉಕ್ಕು ಎಷ್ಟು ಕತ್ತರಿಸಬೇಕು ಎಂದು ನಾನು ಕಣ್ಣಲ್ಲೇ ಅಳೆಯುತ್ತಿದ್ದೆ.

"ನನ್ನ ಕೈಗೆ ಹೊಂದೋದು ಸಿಗ್ತದೇನ್ರಿ?" ಎಂದು ಕೇಳಿದಳು.

ಅವಳ ಅಂಗೈಯನ್ನು ಗಂಭೀರವಾಗಿ ನೋಡಿದೆ.

"ಕೈ ಇನ್ನೂ ಬೆಳಿಯಾಕತ್ತದ," ಎಂದೆ.